ಕುಸುಬಿ ಎಣ್ಣೆ ಕುಡಿದ ಕುದುರೆ

ತಪ್ಪು ನನ್ನದಲ್ಲ ಎಂದು ಸಾಧಿಸುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಕೈ. ಹಾಲು ಉಕ್ಕಿದರೆ ಒಲೆಯದು ತಪ್ಪು, ದೊಡವಾಡದ ಬಸ್ಸು ಸಿಗದಿದ್ದರೆ ಡ್ರೈವರನದು, ನಾನು ಕಲಿಸಿದ ಗಣಿತದಲ್ಲಿ ಮಕ್ಕಳು ನಪಾಸಾದರೆ ಪ್ರಶ್ನೆಪತ್ರಿಕೆ ತೆಗೆದವರದು. ಬೈಲಹೊಂಗಲದಲ್ಲಿ ಇಷ್ಟು ವರ್ಷ ಮಾಸ್ತರಿಕೆ ಮಾಡಿ ಇಷ್ಟಾದರೂ ಕಲಿಯದಿದ್ದರೆ ಹೇಗೆ? ಆದರೆ ಈಚೆಗೆ ನಿಜವಾಗಿಯೂ ನನ್ನ ತಪ್ಪಿಲ್ಲದ ಒಂದು ಪ್ರಸಂಗ ನಡೆಯಿತು. ಅದನ್ನು ಮಾತ್ರ ಯಾರೂ ನಂಬಲಿಲ್ಲ. ನನ್ನ ಒಬ್ಬನೇ ತಮ್ಮ ಬಸು ಅಂದಿನಿಂದ ನನ್ನೊಡನೆ ಮಾತು ಬಿಟ್ಟ. ಹಬ್ಬಕ್ಕೆ ನಮ್ಮ ಮನೆಗೆ ಬಂದವನು ಅವ್ವನ ಹತ್ತಿರ ಕುಳಿತು, ಊಟ ಮಾಡದೆ ಎದ್ದು ಹೋದ.

ಎಲ್ಲಕ್ಕೂ ಮೂಲ ಅಪ್ಪನ ಬಂದೂಕು. ದೊಡವಾಡದ ನಮ್ಮ ಹೊಲದ ಗೋವಿನಜೋಳಕ್ಕೆ ಕಾಡುಹಂದಿ ನುಗ್ಗುತ್ತವೆಂದು ಅಪ್ಪ ಬೆಳೆ ಕಾಯಲು ಲೈಸನ್ಸ್ ಮಾಡಿಸಿದ್ದ. ಹಿಡಿಕೆ ಹಿಂದಕ್ಕೆಳೆದು, ಗುಂಡು ಇಟ್ಟು, ಮುಂದಕ್ಕೆ ದೂಡಿ ಮಡಚುವ ಬೋಲ್ಟ್ ರೈಫಲ್ಲು. ಅವನು ತೀರಿಕೊಂಡ ಮೇಲೆ ಹೊಲದ ದುಡಿಮೆ ಬಸುವಿಗೆ ಬಂತು, ಹಿರಿಯ ಮಗನೆಂದು ಬಂದೂಕಿನ ದೊಡ್ಡಸ್ತಿಕೆ ನನಗೆ ಬಂತು. ನಾನು ಈವರೆಗೆ ಒಂದು ಹಂದಿಗೂ ಗುರಿ ಇಟ್ಟವನಲ್ಲ. ಗಾಳಿಗೆ ಹಾರಿಸಿ, ಸಪ್ಪಳ ಮಾಡಿ ಓಡಿಸುವುದಷ್ಟೇ ನನ್ನ ಕೆಲಸ. ಹಂದಿಗಳು ಆ ಸಪ್ಪಳವನ್ನು ಸಾಲೆಯ ಗಂಟೆಯೆಂದು ತಿಳಿದು, ಉಳಿದ ತೆನೆ ಮುಗಿಸಿಯೇ ಹೊರಡುತ್ತಿದ್ದವು.

ಕೆಲಸಕ್ಕೆ ಬಾರದಿದ್ದರೂ ಅದಕ್ಕೆ ಪೂಜೆ ಮಾತ್ರ ಜೋರು. ಪ್ರತಿ ವರ್ಷ ದಸರೆಗೆ ಆಯುಧಗಳನ್ನಿಟ್ಟು ಮಾಡುವ ಖಂಡೆ ಪೂಜೆಯ ದಿನ ನೇಗಿಲಿನ ಕುಡ, ಕುಡಗೋಲುಗಳ ನಡುವೆ ಅದನ್ನು ಮಲಗಿಸಿ ಅವ್ವ ವಿಭೂತಿ ಬಳಿಯುತ್ತಾಳೆ, ಸವದತ್ತಿಯಿಂದ ತಂದ ಅರಿಶಿನದ ಭಂಡಾರ ಉಗ್ಗುತ್ತಾಳೆ. ನಾನು ಸುಮ್ಮನೆ ಕೂಡುವವನೇ? ಯಂತ್ರವೆಂದ ಮೇಲೆ ಎಣ್ಣೆ ಬೇಕೆಂದು, ಅಡುಗೆಮನೆಯ ಕುಸುಬಿ ಎಣ್ಣೆಯನ್ನು ಚಮಚದಿಂದ ಅದರ ಕುದುರೆಯ ಸಂದಿಗೆ ಬಿಡುತ್ತಿದ್ದೆ. ನಮ್ಮ ಕಡೆ ಟ್ರಿಗರಿಗೆ ಕುದುರೆ ಎನ್ನುತ್ತಾರೆ. ಎರಡು ವರ್ಷದಿಂದ ಆ ಕುದುರೆ ಎಳೆದರೆ ಹಿಂದೆಯೇ ನಿಲ್ಲುತ್ತಿತ್ತು, ಬೆರಳಿನಿಂದ ಮುಂದೆ ದೂಡಬೇಕಾಗುತ್ತಿತ್ತು. ವಯಸ್ಸಾಯಿತು ಎಂದುಕೊಂಡು ನಾನು ಮತ್ತೊಂದು ಚಮಚ ಎಣ್ಣೆ ಹೆಚ್ಚಿಸಿದೆ.

ಆ ಪ್ರಸಂಗ ನಡೆದ ಸಂಜೆ, ಹೊತ್ತು ಮುಳುಗುವ ಮುಂಚೆ, ಹೊಲದಲ್ಲಿ ಬಸು ಬದುವಿನ ಮೇಲೆ ಕಾಲು ಚಾಚಿ ಕುಳಿತಿದ್ದ. ನಾನು ಗುಂಡು ಇಟ್ಟು ಬೋಲ್ಟು ಮುಚ್ಚಿದೆ, ಅಷ್ಟೇ. ಬಂದೂಕು ತಾನಾಗಿ ಹಾರಿತು. ಬಸುವಿನ ಪಾದದಿಂದ ಗೇಣು ದೂರದಲ್ಲಿ ಮಣ್ಣು ಚಿಮ್ಮಿತು.

"ನಾ ಕುದರಿ ಮುಟ್ಟೇ ಇಲ್ಲೋ, ದೇವರಾಣಿ!" ಎಂದೆ. ಪೆಟ್ಟಾಯಿತೇನೋ ಎಂದು ಕೇಳುವ ಮೊದಲು ನನ್ನ ಬಾಯಿಂದ ಬಂದದ್ದು ಇದು. ಬಸು ಮಣ್ಣು ನೋಡಿದ, ಕಾಲು ನೋಡಿದ, ನನ್ನನ್ನು ನೋಡಿದ. ಚಪ್ಪಲಿಯನ್ನೂ ಮೆಟ್ಟದೆ ಮನೆಯ ದಾರಿ ಹಿಡಿದ.

ಬೆಳಗಾವಿಯಲ್ಲಿ ಬಂದೂಕು ರಿಪೇರಿ ಮಾಡುವ ಮುದುಕ ಮಿಸ್ತ್ರಿಯೊಬ್ಬರು ಅದನ್ನು ಬಿಚ್ಚಿ ಹೌಹಾರಿದರು. "ಮಾಸ್ತರ, ಇದು ಬಂದೂಕೇನ್ರಿ, ಉಪ್ಪಿನಕಾಯಿ ಭರಣಿ ಏನ್ರಿ?" ಒಳಗಿನಿಂದ ಹಳದಿ ಚಕ್ಕೆಗಳನ್ನು ಕೆರೆದು ತೆಗೆದರು. "ಒಳಗ ಒಂದು ಕೊಕ್ಕಿ ಇರತೈತ್ರಿ, ಗುಂಡಿಗೆ ಹೊಡ್ಯೂ ಪಿನ್ ಹಿಡದು ನಿಲ್ಲಸೂದು ಅದರ ಕೆಲಸ. ಎಣ್ಣಿ ಒಣಗಿ ಅಂಟಾಗಿ, ಮ್ಯಾಲ ಭಂಡಾರ ಕುಂತು ಕೊಕ್ಕಿ ಏಳವಲ್ದು. ಬೋಲ್ಟ್ ಮುಚ್ಚಿದ ಕೂಡ್ಲೆ ಪಿನ್ ಜಾರಿ ಹೊಡದೈತಿ. ಅದಕ್ಕ ನೀವು ಕುದರಿ ಮುಟ್ಟಬೇಕಂತನೂ ಇಲ್ಲ."

ಆ ಕೊನೆಯ ಮಾತಿಗೆ ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅದನ್ನೇ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ. ಮನೆಗೆ ಬಂದು ಹೆಂಡತಿಗೆ ತೋರಿಸಿದರೆ ಅವಳು, "ಕುಸಬಿ ಎಣ್ಣಿ ಡಬ್ಬಿ ತಿಕ್ಕೂದು ಎಷ್ಟ ತ್ರಾಸ ಅಂತ ಈ ಮನ್ಯಾಗ ನನಗೊಬ್ಬಾಕಿಗೆ ಗೊತ್ತು. ಕೇಳಿದ್ರ ಅವಾಗ ಹೇಳತಿದ್ದೆ. ನೀವು ಯಾರ್ನ ಕೇಳ್ತೀರಿ?" ಎಂದಳು. ಅವಳೊಡನೆ ವಾದಕ್ಕೆ ನಿಲ್ಲದೆ ಮರುದಿನವೇ ದೊಡವಾಡದ ಬಸ್ಸು ಹತ್ತಿದೆ.

ಬಸು ಹೊಲದಲ್ಲಿದ್ದ. ಕಾಗದ ಕೊಟ್ಟೆ. ನಿಂತಲ್ಲೇ ಎರಡು ಸಲ ಓದಿದ. ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನಂತೆ ನಾನು ಅವನ ಮುಖ ನೋಡುತ್ತಿದ್ದೆ.

"ಖರೇ ಐತಿ ಅಣ್ಣಾ, ನೀ ಕುದರಿ ಮುಟ್ಟಿಲ್ಲ," ಎಂದ. ಎಷ್ಟು ದಿನಗಳ ಮೇಲೆ ಅವನ ಬಾಯಿಂದ ಅಣ್ಣಾ ಎಂದು ಕೇಳಿದ್ದೆ! ಅವನು ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟು ಕೇಳಿದ: "ಬಂದೂಕಿನ ನಳಗಿ ನನ್ನ ಕಡೆ ತಿರಿವಿದ್ದೂ ಕುಸಬಿ ಎಣ್ಣಿನ ಏನು?"

ಕಾಗದವನ್ನು ಮಡಿಕೆಯ ಮೇಲೆ ಇನ್ನೊಂದು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡೆ.

ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದೆ. ಬಸು ಈಗ ಮಾತನಾಡುತ್ತಾನೆ, ಊಟಕ್ಕೂ ಕೂಡುತ್ತಾನೆ. ಆದರೆ ನನ್ನ ಕೈಯಲ್ಲಿ ಮಡಚಿದ ಛತ್ರಿ ಇದ್ದರೂ ಎದುರಿನಿಂದ ಒಂದು ಹೆಜ್ಜೆ ಬದಿಗೆ ಸರಿದು ನಿಲ್ಲುತ್ತಾನೆ. ಬೇಕೆಂದು ಮಾಡುವುದಿಲ್ಲ ಪಾಪ, ಕಾಲೇ ಸರಿಯುತ್ತದೆ. ನಾನೂ ಏನೂ ಕಾಣದವನಂತೆ ಛತ್ರಿಯ ಮೊನೆಯನ್ನು ನೆಲಕ್ಕೆ ತಿರುಗಿಸಿ ಹಿಡಿದು, ಪೈರು ಹೇಗಿದೆಯೋ ಎಂದು ಕೇಳುತ್ತೇನೆ.