ಅತ್ತೆಯ ದೂರನ್ನು ತಡೆಹಿಡಿದ ಮಿಡಲ್‌ವೇರ್ ಮಹಾಶಯರಿಗೆ

ಮಾನ್ಯ ಮಿಡಲ್‌ವೇರ್ ಮಹಾಶಯರೇ,

ಲಿಫ್ಟ್ ದುರಸ್ತಿ ಕಂಪನಿಯ ಸರ್ವರ್‌ನಲ್ಲಿ, ದೂರು ಬರುವ ಬಾಗಿಲಿಗೂ ಮೆಕ್ಯಾನಿಕ್ ನೋಡುವ ಪರದೆಗೂ ನಡುವೆ ತಪಾಸಣೆಯ ತಂತ್ರಾಂಶವಾಗಿ ಒಂದು ದಿನವೂ ರಜೆ ಕೇಳದೆ ನಿಂತಿರುವ ತಮಗೆ, ಅದೇ ಸರ್ವರನ್ನು ನೋಡಿಕೊಳ್ಳುವ ನನ್ನ ಅನಂತ ವಂದನೆಗಳು.

ತಮ್ಮ ಬಳಗದ ಶಿಸ್ತಿಗೆ ನಾನು ಮೊದಲಿನಿಂದಲೂ ಮಾರುಹೋದವಳು. ದೂರು ಬಂದೊಡನೆ ತಮ್ಮಲ್ಲೊಬ್ಬರು ಅದು ಬಂದ ಹೊತ್ತನ್ನು ದಾಖಲಿಸುತ್ತಾರೆ, ಇನ್ನೊಬ್ಬರು ಕಳಿಸಿದವರು ನಮ್ಮ ಗ್ರಾಹಕರೇ ಎಂದು ನೋಡುತ್ತಾರೆ, ಕೊನೆಗೆ ತಾವು ಎಲ್ಲ ಖಾನೆಗಳೂ ಸರಿಯಾಗಿ ತುಂಬಿವೆಯೇ ಎಂದು ಪರೀಕ್ಷಿಸುತ್ತೀರಿ. ಸರಿಯಿದ್ದರೆ ‘ನೆಕ್ಸ್ಟ್’ ಎಂದು ಮುಂದಕ್ಕೆ ದಾಟಿಸಬೇಕು, ತಪ್ಪಿದ್ದರೆ ತಪ್ಪೆಂದು ಹೇಳಿ ಹಿಂದಕ್ಕೆ ಕಳಿಸಬೇಕು. ಮೊನ್ನೆ ತಾವು ಎರಡನ್ನೂ ಮಾಡದೆ ಗಂಭೀರವಾಗಿ ಸುಮ್ಮನಿದ್ದಿರಿ. ಇಂಥ ನಿರ್ಲಿಪ್ತತೆ ದೊಡ್ಡ ಅಧಿಕಾರಿಗಳಿಗೂ ನಿವೃತ್ತಿಯ ಹೊತ್ತಿಗಷ್ಟೇ ಸಿದ್ಧಿಸುವಂಥದ್ದು.

ಆಗ ನಮ್ಮ ಕಟ್ಟಡದ ಲಿಫ್ಟ್ ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು. ಒಳಗಿದ್ದವರು ನಮ್ಮ ಅತ್ತೆ ಮತ್ತು ಎದುರುಮನೆಯ ಹೊಲಿಗೆ ಟೀಚರ್. ಟೀಚರ್ ಹೊಲಿದುಕೊಟ್ಟ ಅಂಗಿಯೊಂದರ ತೋಳು ಗಿಡ್ಡವಾಯಿತೆಂದು ವರ್ಷಗಳಿಂದ ಮಾತು ಬಿಟ್ಟವರು. ಅತ್ತೆ ಮೊಬೈಲಿನಲ್ಲೇ ದೂರು ತುಂಬಿದರು. ‘ಒಳಗೆ ಎಷ್ಟು ಜನರಿದ್ದೀರಿ?’ ಎಂಬಲ್ಲಿ ‘ನಾನು, ಮತ್ತೆ ಅವಳು’ ಎಂದು ಬರೆದರು. ಅಂಕಿಗಾಗಿ ಕಾದಿದ್ದ ತಾವು ಅಕ್ಷರಗಳನ್ನು ಕಂಡು ಮೂಕರಾದಿರಿ. ಅತ್ತೆಯ ಪರದೆಯ ಮೇಲೆ ಚಕ್ರವೊಂದು ಸುತ್ತುತ್ತಲೇ ಇತ್ತು. ಅದು ಮೆಕ್ಯಾನಿಕ್‌ನ ಗಾಡಿಯ ಚಕ್ರವೆಂದೇ ಅವರು ನಂಬಿದ್ದರು.

“ನಿಮ್ ಚಕ್ರ ತಿರುಗ್ತಾನೇ ಇದೆ ಕಣೇ, ಒಬ್ರೂ ಬರ್ಲಿಲ್ಲ. ಇವಳು ಬೇರೆ ಬೆವ್ತು ಕೆಳಗೆ ಕೂತ್ಬಿಟ್ಟಿದಾಳೆ,” ಎಂದು ಅತ್ತೆ ನನಗೆ ಫೋನ್ ಮಾಡಿದರು. ಮೆಕ್ಯಾನಿಕ್‌ನನ್ನು ಅಟ್ಟಿ, ತಮ್ಮನ್ನು ಬಿಚ್ಚಿ ನೋಡಿದೆ. ಅಂಕಿಯಲ್ಲದ್ದು ಬಂದರೆ ಏನು ಹೇಳಬೇಕೆಂದು ತಮಗೆ ಯಾರೂ ಕಲಿಸಿರಲಿಲ್ಲ. ತಮ್ಮೊಳಗೆ ಅದಕ್ಕೊಂದು ಸಾಲು ಸೇರಿಸಿದೆ; ಸರಿಹೋಯಿತೇ ಎಂದು ನೋಡಲು, ದೂರನ್ನು ಮತ್ತೆ ಕಳಿಸಿ ಎಂದು ಅತ್ತೆಗೆ ಹೇಳಿದೆ. ‘ದಯವಿಟ್ಟು ಅಂಕಿ ಬರೆಯಿರಿ’ ಎಂದು ತಾವು ಬಾಯಿಬಿಟ್ಟಿರಿ. ಅತ್ತೆ ‘1’ ಎಂದು ಬರೆದರು.

ಟೀಚರ್ ಕೂತಲ್ಲಿಂದಲೇ ಇಣುಕಿದರು. “ಒಂದಾ? ಹಾಗಾದ್ರೆ ನಾನೇನು ಲಿಫ್ಟಿನ ಗೋಡೆನಾ?”

“ಸರಿ ಸರಿ, ನೀನು ಬೆವರೋದು ನಿಲ್ಸು, ಎರಡು ಮಾಡ್ತೀನಿ,” ಎಂದ ಅತ್ತೆಗೆ ನಗು ತಡೆಯಲಾಗಲಿಲ್ಲವಂತೆ; ಅದು ಟೀಚರಿಗೂ ಅಂಟಿತಂತೆ. ಮೆಕ್ಯಾನಿಕ್ ಬಾಗಿಲು ತೆಗೆದಾಗ ಅತ್ತೆ ಕೈಚೀಲದಿಂದ ಟೀಚರಿಗೆ ಗಾಳಿ ಬೀಸುತ್ತಿದ್ದರು. “ಒಂಚೂರು ತಡ್ಕೋಪ್ಪಾ, ಮಾತು ಮುಗೀಲಿ,” ಎಂದು ಅವನನ್ನೇ ಹೊರಗೆ ನಿಲ್ಲಿಸಿದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಮುಂದೆ ಯಾವಾಗಲಾದರೂ ಏನು ಮಾಡಬೇಕೆಂದು ತೋಚದಿದ್ದರೆ, ದಯಮಾಡಿ ಕೊನೇಪಕ್ಷ ಒಮ್ಮೆ ಕೆಮ್ಮಿ.

ಇಷ್ಟಾದರೂ ತಮ್ಮನ್ನು ಅಳಿಸದೆ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಸರ್ವರ್ ನೋಡಿಕೊಳ್ಳುವ ಸೊಸೆ

ತಾ.ಕ.: ಈಗ ಸಂಜೆಯಾದರೆ ಅವರಿಬ್ಬರೂ ಜೊತೆಯಲ್ಲೇ ವಾಕಿಂಗ್ ಹೋಗುತ್ತಾರೆ. ನಾನು ಎದ್ದ ಹೊತ್ತು, ಸೀದಿಸಿದ ಪಾತ್ರೆ, ಗಂಡನ ಮೇಲೆ ರೇಗಿದ್ದು, ಎಲ್ಲವೂ ಯಾವ ತಪಾಸಣೆಯೂ ಇಲ್ಲದೆ ಎದುರುಮನೆಗೆ ದಾಟುತ್ತಿದೆ. ತಮಗೆ ಬಿಡುವಿದ್ದರೆ ಅವರಿಬ್ಬರ ನಡುವೆ ಬಂದು ನಿಂತು, ಮೊನ್ನೆಯಂತೆಯೇ ಸುಮ್ಮನಿರಬೇಕಾಗಿ ಪ್ರಾರ್ಥನೆ.