ಸೋಮವಾರ ಸೈಕಲ್ ಹೂಡಿದ ಸೋದರಮಾವ

ನಮ್ಮ ಸೋದರಮಾವನ ಹಾಗೆ ಸೈಕಲ್ ಇಟ್ಟುಕೊಂಡು ನಡೆದವರು ಶಿಕಾರಿಪುರ ತಾಲ್ಲೂಕಿನಲ್ಲೇ ಇನ್ನೊಬ್ಬರಿಲ್ಲ! ಸೈಕಲ್ ಹೊಡೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುತ್ತಿರುವುದು ನಡೆದ ಸಂಗತಿ. ಏರು ಬಂದರೆ ಇಳಿಯುತ್ತಿದ್ದ, ಸೈಕಲ್ಲಿಗೆ ದಣಿವಾಗುತ್ತದಂತೆ. ಇಳಿಜಾರು ಬಂದರೂ ಇಳಿಯುತ್ತಿದ್ದ, ಅದು ಬೆದರಿ ಓಡುತ್ತದಂತೆ. ಹಾಗಾದರೆ ಹತ್ತುವುದು ಯಾವಾಗ? ಸಮ ನೆಲ ಸಿಕ್ಕಾಗ. ತಾಳಗುಂದದ ನಮ್ಮ ಮನೆಯಿಂದ ಸೊರಬದ ಕಡೆಗೆ ಒಂದು ಕಣದಷ್ಟು ಅಗಲ ಸಮ ನೆಲ ಸಿಕ್ಕರೆ ನಮ್ಮ ಪುಣ್ಯ!

ಅವನ ತಲೆಯಲ್ಲಿ ಎತ್ತೂ ಸೈಕಲ್ಲೂ ಒಂದೇ. ತನ್ನ ಎತ್ತು ಮಾರಿ ಸೈಕಲ್ ತಂದವನು ಅದನ್ನು ಕೊಟ್ಟಿಗೆಯಲ್ಲೇ ಕಟ್ಟುತ್ತಿದ್ದ. ಮಾತಿಗೆ ಹೇಳುತ್ತಿಲ್ಲ, ಹಗ್ಗ ಹಾಕಿ ಗೂಟಕ್ಕೆ ಕಟ್ಟುತ್ತಿದ್ದ! ಬೆಳಗೆದ್ದು ಹ್ಯಾಂಡಲ್ಲಿಗೆ ವಿಭೂತಿ. ಕಾರಹುಣ್ಣಿಮೆ ಬಂತೆಂದರೆ ಮಡ್‌ಗಾರ್ಡಿಗೆ ಕೆಮ್ಮಣ್ಣು, ಬೆಲ್ಲಿಗೆ ಗೊಂಡೆ. ಮದುವೆ ಆಗದೆ ತಂಗಿಯ ಮನೆಯಲ್ಲೇ ಉಳಿದವನು. ಆ ತಂಗಿ, ಅಂದರೆ ನಮ್ಮಮ್ಮ, ಕೆಣಕುತ್ತಿದ್ದಳು.

"ಏನಣ್ಣ, ಇದಕ್ಕೂ ಹಿಂಡಿ ನೆನೆಹಾಕಲೇನು?"

"ಬೇಡ ಕಣೆ, ಎಣ್ಣೆ ಸಾಕು. ಇದು ನಿನ್ನ ಗಂಡನ ಹಾಗೆ ಹೊಟ್ಟೆಬಾಕ ಅಲ್ಲ."

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು, ಬಸವನಿಗೆ ಬಿಡುವು. ಇದು ನಮ್ಮವರೆಲ್ಲರ ಮನೆಯ ಕಟ್ಟಳೆ. ಮಾವನ ಸೈಕಲ್ಲಿಗೂ ಅದೇ ಕಟ್ಟಳೆ! ಒಂದು ಸೋಮವಾರ ಊರಿನ ಗೌಡರಿಗೆ ಹಲ್ಲುನೋವು. ಶಿರಾಳಕೊಪ್ಪಕ್ಕೆ ಹೋಗಬೇಕು, ಸೈಕಲ್ ಕೊಡು ಅಂತ ಬಂದರು. "ನಾಳೆ ತನಕ ತಡೀರಿ ಗೌಡ್ರೆ, ಅದು ಇವತ್ತು ಮಲಗಿದೆ" ಅಂದ. ಗೌಡರು ದವಡೆ ಹಿಡಿದುಕೊಂಡು ನಡೆದೇ ಹೋದರು. ಹೋಗುವಾಗ ಬೈದದ್ದು ಸೈಕಲ್ಲನ್ನೋ ಮಾವನನ್ನೋ, ಬಾಯಿ ಊದಿದ್ದರಿಂದ ತಿಳಿಯಲಿಲ್ಲ.

ಇಂಥವನ ಕೈಯಲ್ಲಿ ನನ್ನ ಬದುಕು ಸಿಕ್ಕಿಕೊಂಡಿತು ನೋಡಿ.

ಮೈಸೂರು ರಾಜ್ಯ ದೊಡ್ಡದಾಗಿ ಎರಡು ಮೂರು ವರ್ಷ ಕಳೆದಿತ್ತು. ನಾನು ಏಳನೇ ಇಯತ್ತೆ. ಲೋವರ್ ಸೆಕೆಂಡರಿ ಪರೀಕ್ಷೆ ಕಟ್ಟಿದ್ದೆ. ಕನ್ನಡ ಶಾಲೆಯ ಅಕ್ಕೋರು ಆಗಬೇಕು, ಕೈಯಲ್ಲಿ ಕೋಲು ಹಿಡಿಯಬೇಕು ಅಂತ ನನಗೆ ಆಸೆ. ಅಪ್ಪ ಒಂದೇ ಮಾತು ಹೇಳಿದ್ದ: "ಪಾಸಾದರೆ ಓದು. ಇಲ್ಲದಿದ್ದರೆ ಈ ಬೇಸಿಗೆಯಲ್ಲೇ ತಾಳಿ." ಅಪ್ಪ ಕೂಗಾಡುವವನಲ್ಲ. ಕೂಗಾಡದವರ ಮಾತು ತಪ್ಪುವುದಿಲ್ಲ, ಅದೇ ಕಷ್ಟ.

ಪರೀಕ್ಷೆ ಸೊರಬದಲ್ಲಿ. ಮೊದಲ ದಿನವೇ ಲೆಕ್ಕ. ಹನ್ನೊಂದಕ್ಕೆ ಗಂಟೆ. ಅವತ್ತು ಬೆಳಗಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಅಂತ ಸುದ್ದಿ ಬಂತು. ಹದಿನೈದು ಮೈಲಿ. ನಾನು ಕೊಟ್ಟಿಗೆಗೆ ಓಡಿದೆ.

"ಮಾವ, ಬಸ್ಸು ಬರಲ್ಲಂತೆ. ಸೈಕಲ್ ತೆಗಿ."

"ಇವತ್ತು ಯಾವ ವಾರ?"

"ಪರೀಕ್ಷೆ ವಾರ!"

"ಸೋಮವಾರ ಕೂಸೆ."

"ನೊಗ ಇಡಬಾರದು ಅಂತ ತಾನೆ ಕಟ್ಟಳೆ? ಇದಕ್ಕೆ ನೊಗ ಎಲ್ಲಿದೆ ತೋರಿಸು!"

ಅವನು ಸೈಕಲ್ಲನ್ನು ಹಿಂದಿನಿಂದ ಮುಂದಿನವರೆಗೆ ಹೊಸದಾಗಿ ಕಂಡವನ ಹಾಗೆ ನೋಡಿದ. ಹ್ಯಾಂಡಲ್ ಮೇಲೆ ಕೈ ಇಟ್ಟ. "ಇದು?"

"ಅದು ಕೊಂಬು!"

ಮಾವ ಯೋಚನೆ ಮಾಡಿದ. ಕೊನೆಗೆ ಸೀಟಿನ ಮೇಲೆ ಒಂದು ಉಂಡೆ ಬೆಲ್ಲ ಇಟ್ಟು, "ತಪ್ಪಾಯ್ತು ಕಣಪ್ಪ, ಕೂಸಿನ ಬದುಕು" ಅಂತ ಹಗ್ಗ ಬಿಚ್ಚಿದ. ಜಗಲಿಯಲ್ಲಿ ಕೂತಿದ್ದ ಅಪ್ಪ ತಲೆ ಎತ್ತದೆ, "ಹೋಗಿ ಬನ್ನಿ. ಮಂಗಳವಾರದ ಪರೀಕ್ಷೆಗೆ ಸರಿಯಾಗಿ ಮುಟ್ತೀರಿ" ಅಂದ.

ಆ ವರ್ಷ ರಸ್ತೆಗೆ ಜಲ್ಲಿ ಸುರಿದು, ಮೇಲೆ ಗರಸು ಮಣ್ಣು ಎರಚಿ, ರೋಲರ್ ಬರುತ್ತದೆ ಅಂತ ಹಾಗೇ ಬಿಟ್ಟಿದ್ದರು. ಕ್ಯಾರಿಯರ್ ಮೇಲೆ ಕೂತ ನನಗೆ ಕಲಿತ ಮಗ್ಗಿಯೆಲ್ಲ ಕುಲುಕಿ ಕೆಳಗೆ ಬೀಳುತ್ತಿದೆ ಅನ್ನಿಸಿತು. ಹದಿಮೂರರ ಮಗ್ಗಿ ಶಿರಾಳಕೊಪ್ಪ ದಾಟುವ ಮೊದಲೇ ಹೋಯಿತು! ಅಲ್ಲಿಂದ ಮುಂದೆ ಗುಡ್ಡ. ಮಾವ ಇಳಿದ. ಗುಡ್ಡದ ತಲೆ ಮುಟ್ಟಿದ ಕೂಡಲೇ ಹತ್ತುತ್ತಾನೆ ಅಂದುಕೊಂಡೆ. ಇಳಿಜಾರಲ್ಲವೇ, ಇಳಿದೇ ಇದ್ದ! ನಾನು ಚೀಲ ಹಿಡಿದು ಪಕ್ಕದಲ್ಲಿ ಓಡುತ್ತಿದ್ದೆ, ಅವನು ಸೈಕಲ್ಲಿನ ಬೆನ್ನು ಸವರುತ್ತಾ ಬರುತ್ತಿದ್ದ. ಬಿಸಿಲು ಏರುತ್ತಿತ್ತು. ಎದುರಿಗೆ ಬಂದ ಗಾಡಿಯವನನ್ನು ಕೇಳಿದೆ.

"ಸೊರಬ ಇನ್ನೆಷ್ಟು ದೂರ?"

"ಸೈಕಲ್ ಹತ್ತಿದರೆ ಅರ್ಧ ಗಂಟೆ. ಹೀಗೆ ಅದರ ಜತೆ ಮಾತಾಡ್ಕೊಂಡು ನಡೆದರೆ ನಂಗೊತ್ತಿಲ್ಲಮ್ಮ."

ಆ ಗುಡ್ಡಗಳೆಲ್ಲ ಬಗನಿ ಮರದ ಸೀಮೆ. ಬೆಳಗಿನ ಹೊತ್ತು ಮರದಿಂದ ಹೆಂಡ ಇಳಿಸುತ್ತಾರೆ, ದಾರಿಯುದ್ದಕ್ಕೂ ಹುಳಿ ಗಾಳಿ. ನಮ್ಮದು ಲಿಂಗ ಕಟ್ಟಿದ ಮನೆ, ಹೆಂಡದ ಹೆಸರೆತ್ತಿದರೂ ಬಾಯಿ ತೊಳೆಯಬೇಕು. ಮಾವ ಸಮ ನೆಲದಲ್ಲಿ ಹತ್ತಿದಾಗಲೂ ಒಂದು ಕೈಯಲ್ಲಿ ಪಂಚೆಯ ಚುಂಗು ಮೂಗಿಗೆ ಒತ್ತಿ ಹಿಡಿದು, ಇನ್ನೊಂದೇ ಕೈಯಲ್ಲಿ ಜಲ್ಲಿ ಮೇಲೆ ಸೈಕಲ್ ಬಿಡುತ್ತಿದ್ದ. ಮೂರು ಸಲ ಬೀಳಬೇಕಿತ್ತು, ಬೀಳಲಿಲ್ಲ. ನಾಲ್ಕನೆಯದು ಕಾದಿತ್ತು.

ಕೊನೆಯ ಗುಡ್ಡದ ತಲೆಯ ಮೇಲೆ ಒಂದಿಷ್ಟು ಸಮ ನೆಲ ಸಿಕ್ಕಿ ಹತ್ತಿದೆವು, ಇಳಿಜಾರಿನ ಕೆಳಗೆ ಊರು ಕಂಡಿತು. ಮಾವ ಇಳಿಯಲು ಕಾಲು ಎತ್ತಿದ. ನಾನು ಅವನ ಅಂಗಿ ಹಿಡಿದೆ.

"ಇಲ್ಲಿ ಇಳಿದರೆ ನನಗೆ ನೀನೇ ತಾಳಿ ಕಟ್ಟಿಸಿದ ಹಾಗೆ!"

ಮಾವ ಕಾಲು ಮತ್ತೆ ಪೆಡಲ್ ಮೇಲಿಟ್ಟ.

ಆಮೇಲೆ ಆದದ್ದಕ್ಕೆ ನಾನೇ ಹೊಣೆ. ಸೈಕಲ್ ಇಳಿಜಾರು ಹಿಡಿಯಿತು. ಜಲ್ಲಿ ಚಿಮ್ಮಿ ಕಣಕಾಲಿಗೆ ಹೊಡೆಯುತ್ತಿತ್ತು. ಅಡ್ಡದಾರಿಯಿಂದ ಒಬ್ಬ ಮನುಷ್ಯ ಹೊರಬಂದ, ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೂ ಹೆಂಡದ ಗಡಿಗೆ. ನಾನು ಕಿರುಚಿದೆ. ಮಾವನೂ ಕಿರುಚಿದ. ಏನಂತ? "ಹೋ! ಹೋ! ನಿಲ್ಲೋ ಬಸವಾ!" ಬ್ರೇಕು ಅಂತ ಒಂದಿದೆ ಅನ್ನುವುದು ಅವನಿಗೆ ನೆನಪಾಗಲಿಲ್ಲ. ಎಂದಾದರೂ ಬಳಸಿದ್ದರೆ ತಾನೆ!

ಎದ್ದು ನೋಡಿದರೆ ಗಡಿಗೆ ಎರಡೂ ಚೂರು. ತಲೆಯಿಂದ ಪಾದದವರೆಗೆ ಇಬ್ಬರಿಗೂ ಹೆಂಡ. ಅಡ್ಡೆಯವನು ಸೊಂಟ ಉಜ್ಜಿಕೊಳ್ಳುತ್ತಾ ಎದ್ದ. "ಏನ್ರೀ ಸ್ವಾಮಿ, ಬೇಕಿದ್ದರೆ ಒಂದು ಲೋಟ ಕೇಳಬಾರದಾ? ಹೀಗೆ ಸ್ನಾನ ಮಾಡೋದಾ?" ಮಾವ ಅವನಿಗೆ ಕೈ ಮುಗಿದ. ನೀರು ಹುಡುಕಲು ಹೊತ್ತಿರಲಿಲ್ಲ. ಸೊಟ್ಟಗಾದ ಚಕ್ರ ಕಿರಗುಟ್ಟುತ್ತಿತ್ತು, ಅದರ ಮೇಲೇ ಹತ್ತಿ ಹೋದೆವು.

ಶಾಲೆಯ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಅವರ ಪಕ್ಕದಲ್ಲಿ ಮಗನನ್ನು ಪರೀಕ್ಷೆಗೆ ಬಿಡಲು ಬಂದ ಅಕ್ಕಿ ಸಾಹುಕಾರರು, ನಮ್ಮವರೇ, ನೆಂಟರು. ಮೇಷ್ಟ್ರು ಮೂಗು ಮುಚ್ಚಿಕೊಂಡರು.

"ಏನಿದು? ಈ ಹುಡುಗಿ ಕುಡಿದು ಬಂದಿದಾಳೋ?"

"ಇಲ್ಲ ಮೇಷ್ಟ್ರೆ, ದಾರೀಲಿ ಗಡಿಗೆಗೆ ಡಿಕ್ಕಿ..." ಅಂತ ಮಾವ ಶುರುಮಾಡಿದ.

"ಕುಡಿದವರೆಲ್ಲ ಡಿಕ್ಕಿ ಅಂತಲೇ ಹೇಳೋದು! ನಡೀರಿ ಆಚೆ."

ಒಳಗೆ ಗಂಟೆ ಹೊಡೆಯಿತು. ಸಾಹುಕಾರರು "ಶಿವ ಶಿವಾ" ಅಂತ ಹಿಂದೆ ಸರಿದರು. ಆಗ ನೋಡಿದೆ, ಮಾವನ ನಿಲುವೇ ಬದಲಾಯಿತು. ಒಂದು ಹೆಜ್ಜೆ ಓಲಾಡಿದ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ, ಅದಕ್ಕೆ ಕೇಳಿಸಬಾರದು ಅನ್ನುವ ಹಾಗೆ.

"ಸುಳ್ಳು ಹೇಳಿದೆ ಮೇಷ್ಟ್ರೆ. ನಾನೇ ಕುಡಿದೆ. ಗಡಿಗೆ ಎತ್ತಿ ಕುಡೀತಿದ್ದೆ. ಈ ಕೂಸು ಬೇಡ ಮಾವ ಅಂತ ಕಸ್ಕೊಳ್ಳಕ್ಕೆ ಬಂತು, ಮೈಮೇಲೆ ಚೆಲ್ಲಿತು. ಅದರದ್ದೇನೂ ತಪ್ಪಿಲ್ಲ."

ಮೇಷ್ಟ್ರ ಮುಖ ಕರಗಿತು. "ಅಯ್ಯೋ ಪಾಪ, ಇಂಥವನ ಜತೆ ಬಂದಿದೀಯಲ್ಲಮ್ಮ. ಹೋಗು, ಕಿಟಕಿ ಪಕ್ಕ ಕೂತು ಬರಿ." ನಾನು ಒಳಗೆ ಓಡಿದೆ. ಹಿಂದೆ ತಿರುಗಿ ನೋಡಲಿಲ್ಲ.

ಪರೀಕ್ಷೆ ಏನಾಯಿತು ಅಂತೀರಾ? ಬೇರೆಲ್ಲ ಪಾಸು, ಲೆಕ್ಕದಲ್ಲಿ ಹೋಯಿತು. ಹೆಂಡದಿಂದ ಹೋಯಿತು ಅಂತ ಹೇಳಿದರೆ ಸುಳ್ಳು. ನನಗೆ ಲೆಕ್ಕ ಬರುತ್ತಿರಲಿಲ್ಲ, ಅಷ್ಟೆ. ಅಪ್ಪ ಮಾತು ತಪ್ಪಲಿಲ್ಲ.

ಸಾಹುಕಾರರು ಸುಮ್ಮನಿರುತ್ತಾರೆಯೇ? ವಾರದೊಳಗೆ ಬಳ್ಳಿಗಾವಿಯಿಂದ ಸೊರಬದ ತನಕ ಮಾವ ಕುಡುಕನಾದ. ನಿಜ ಹೇಳುತ್ತೇನೆ ಅಂದರೆ ಅವನು ಬಿಡಲಿಲ್ಲ. "ಬಾಯಿ ಮುಚ್ಚು. ನಿನ್ನ ಮೈಯಲ್ಲೂ ವಾಸನೆ ಇತ್ತು ಅಂತ ಗಂಡಿನ ಕಡೆಯವರು ಹಿಡ್ಕೊಂಡಾರು. ನನಗೇನು, ಸೈಕಲ್ಲಿಗೆ ಹೆಣ್ಣು ನೋಡಬೇಕೇನು?" ನಾನೂ ಬಾಯಿ ಮುಚ್ಚಿದೆ. ಹೆದರಿಕೆ. ಇದನ್ನು ಚೆಂದ ಮಾಡಿ ಹೇಳುವುದಕ್ಕೆ ನನಗೆ ಬರುವುದಿಲ್ಲ.

ಮದುವೆಯ ದಿನ ಊಟದ ಪಂಕ್ತಿಗೆ ಸಾಹುಕಾರರದ್ದೇ ಉಸ್ತುವಾರಿ. ಎಲ್ಲರ ಎಲೆ ಸಾಲಾಗಿ ಬಿತ್ತು. ಮಾವನ ಎಲೆ ಚಪ್ಪರದ ಮೂಲೆಯ ಕಂಬದ ಹತ್ತಿರ, ಒಂಟಿಯಾಗಿ. ಅವನು ಏನೂ ಆಗದವನ ಹಾಗೆ ಹೋಗಿ ಕೂತ. ಬಡಿಸುವವರು ಅವನಿಗೆ ಸೌಟು ಎಲೆಗೆ ತಾಗದ ಹಾಗೆ ಮೇಲಿನಿಂದ ಬಡಿಸಿದರು. ನಾನು ಗಂಡನ ಪಕ್ಕದಲ್ಲಿ ಕೂತಿದ್ದೆ, ಬಾಸಿಂಗದ ಕೆಳಗಿಂದ ಅದೇ ಕಾಣುತ್ತಿತ್ತು. ನನ್ನ ಎಲೆ ಎತ್ತಿಕೊಂಡು ಎದ್ದೆ.

"ಏ ತಂಗಿ, ಮದುಮಗಳು ಊಟದಿಂದ ಏಳಬಾರದು, ಎಲ್ಲಿಗೆ?" ಅಂತ ಸಾಹುಕಾರರು ಅಡ್ಡ ಬಂದರು.

"ಅವನು ಒಂದು ತೊಟ್ಟು ಕುಡಿದಿರಲಿಲ್ಲ. ಹೆಂಡ ಇಬ್ಬರ ಮೈಮೇಲೂ ಚೆಲ್ಲಿತ್ತು. ಎಲೆ ಬೇರೆ ಹಾಕೋದಾದರೆ ನನ್ನದೂ ಅಲ್ಲೇ ಹಾಕಿ!"

ಗಂಡಿನ ಕಡೆಯವರ ಮುಖ ನಾನು ನೋಡಲಿಲ್ಲ, ನೋಡಿದ್ದರೆ ಕಾಲು ಏಳುತ್ತಿರಲಿಲ್ಲ. ಹೋಗಿ ಮಾವನ ಪಕ್ಕ ನೆಲದ ಮೇಲೆ ಕೂತೆ. ಅವನು ನನ್ನ ಕಡೆ ತಿರುಗದೆ, ಹಲ್ಲು ಕಚ್ಚಿ, "ಎದ್ದು ಹೋಗೇ ಮೂರ್ಖಿ" ಅಂದ. ನಾನು ಏಳಲಿಲ್ಲ. ಮಾವ ತನ್ನ ಹೋಳಿಗೆ ಮುರಿದ. ದೊಡ್ಡ ಚೂರು ನನ್ನ ಎಲೆಗೆ ಹಾಕಿದ.

"ಲೆಕ್ಕದಲ್ಲಿ ಯಾವುದು ಬರಲಿಲ್ಲ ಕೂಸೆ?"

ಅಷ್ಟು ದಿನ ಅವನು ಅದನ್ನು ಕೇಳಿರಲೇ ಇಲ್ಲ.

"ಯಾವುದೂ ಬರಲಿಲ್ಲ ಮಾವ."

"ನನಗೂ ಬರ್ತಿರಲಿಲ್ಲ ಬಿಡು" ಅಂದ. ಕಣ್ಣು ಒರೆಸಿಕೊಳ್ಳಲು ಹೋದವನಿಗೆ ಕೈಯೆಲ್ಲ ಎಂಜಲು. ನಾನೇ ನನ್ನ ಹೊಸ ಸೀರೆಯ ಸೆರಗಿನಿಂದ ಒರೆಸಿದೆ.