ಪಕ್ಕದವರಿಗಿಂತ ಒಂದು ಗೇಣು ಮೇಲೆ

“ಮೇಷ್ಟ್ರೇ, ಕಾಫಿ ಲೋಟ ಕೈಯಲ್ಲಿ ಹಿಡ್ಕೋಬೇಡಿ! ಜಗಲಿ ಕಟ್ಟೆ ಮೇಲಿಡಿ. ಒಂದು ತೊಟ್ಟು ಚೆಲ್ಲಿದ್ರೂ ನನ್ನ ಹೆಸರು ಲಿಂಗರಾಜೇ ಅರಸ್ ಅಲ್ಲ!”

ನಾನು ಲೋಟವನ್ನು ಕಟ್ಟೆಯ ಮೇಲಿಟ್ಟೆ. ಅರಸರು ಮೀಟರ್ ಪೆಟ್ಟಿಗೆಯ ಪಕ್ಕದಲ್ಲಿ ಹೊಸದಾಗಿ ಕೂರಿಸಿದ್ದ ಹಸಿರು ಗುಂಡಿ ಒತ್ತಿದರು. ಯಾರೋ ಮದುವೆ ಊಟ ಮುಗಿಸಿ ತೇಗಿದಂಥ ಸದ್ದು ನೆಲದೊಳಗಿಂದ ಬಂತು. ಮುಂದಿನ ಗೇಟು ಮೆಲ್ಲಗೆ ಕೆಳಗಿಳಿಯಿತು. ಎದುರಿನ ರಸ್ತೆ ಇಳಿಯಿತು. ಪಕ್ಕದ ಮನೆಯ ಕಾಂಪೌಂಡ್ ಗೋಡೆ ಇಳಿಯಿತು. ಅದರಾಚೆ ಹಲ್ಲುಜ್ಜುತ್ತ ನಿಂತಿದ್ದ ಪರಶಿವಮೂರ್ತಿಗಳೂ ಬ್ರಷ್ಷಿನ ಸಮೇತ ಇಳಿದರು. ಅವರು ಇಳಿದದ್ದಲ್ಲ, ನಾವು ಏರಿದ್ದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕಾಫಿ ಮಾತ್ರ ಕೆನೆ ಕೂಡ ಅಲುಗದೆ ಕೂತಿತ್ತು.

“ನೋಡಿದ್ರಾ! ಮನೆ ಎದ್ದು ನಿಂತಿತು!” ಎಂದು ಅರಸರು ಚಪ್ಪಾಳೆ ತಟ್ಟಿದರು.

“ರೀ, ಮನೆ ಎದ್ದಿದ್ದು ಸರಿ. ಪೈಪು ಕಿತ್ಕೊಂಡು ಬಂದು ನಲ್ಲಿ ನನ್ನ ಮುಖಕ್ಕೆ ಉಗೀತಾ ಇದೆ. ಅದನ್ನೂ ಬಂದು ನೋಡಿ!” ಎಂದು ಅಡುಗೆಮನೆಯಿಂದ ದೇವಾಜಮ್ಮಣ್ಣಿಯವರ ದನಿ ಕೇಳಿಸಿತು.

ಇವರಿಬ್ಬರೂ ನನ್ನ ಮನೆಯ ಮಾಲೀಕರು. ಅರಸರು ಗಿರಣಿಯೊಂದರಲ್ಲಿ ಫೋರ್ಮನ್ ಆಗಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ಯಂತ್ರಗಳಿಗೆ ಅವರ ಕೈಯಿಂದ ಬಿಡುಗಡೆ ಸಿಕ್ಕಿಲ್ಲ. ನಾನು ಅವರ ಮೊದಲ ಮಹಡಿಯ ಬಾಡಿಗೆದಾರ, ಮಾಜಿ ಶಾಲಾ ಮೇಷ್ಟರು.

ಮೈಸೂರಿನ ಅಂಚಿನಲ್ಲಿರುವ ನಮ್ಮ ಬಡಾವಣೆಯ ಹೆಸರು ಕಮಲ ಸರೋವರ. ಹೆಸರಿನಲ್ಲಿರುವ ಕಮಲವನ್ನು ನಾನು ಕಂಡಿಲ್ಲ. ಸರೋವರವನ್ನು ಕಾಣಲು ಮಳೆಗಾಲದವರೆಗೆ ಕಾದರೆ ಸಾಕು. ಹಿಂದೆ ಕೆರೆಯ ಏರಿಯಾಗಿದ್ದದ್ದು ಈಗ ದುಂಡನೆಯ ರಸ್ತೆ, ಅದರ ಒಳಗಡೆಗೆ ಮನೆಗಳ ಸಾಲು. ಇಲ್ಲಿ ಹೊಸ ಮನೆ ಕಟ್ಟುವವರು ಮೊದಲು ವಿಚಾರಿಸುವುದು ಪಕ್ಕದ ಮನೆಯ ತಳಪಾಯ ಎಷ್ಟು ಎತ್ತರ ಎಂದು. ಆಮೇಲೆ ಮೇಸ್ತ್ರಿಗೆ, “ಅದಕ್ಕಿಂತ ಒಂದು ಗೇಣು ಮೇಲೆ” ಎನ್ನುತ್ತಾರೆ. ಇದು ಯಾರೂ ಮಾಡಿದ ನಿಯಮವಲ್ಲ. ಪಾಯಸಕ್ಕೆ ಬೆಲ್ಲ ಹಾಕಿದಷ್ಟೇ ಸಹಜವಾಗಿ ನಡೆಯುತ್ತದೆ. ಅರಸರ ಮನೆ ಎಲ್ಲಕ್ಕಿಂತ ಮೊದಲು ಕಟ್ಟಿದ್ದು. ಆದ್ದರಿಂದ ಎಲ್ಲಕ್ಕಿಂತ ತಗ್ಗಿನದು.

ಹೋದ ಮಳೆಗಾಲ ಬಡಾವಣೆಯ ನೀರೆಲ್ಲ ಅವರ ಮನೆಗೆ ಬಂತು. ಅಕ್ಕಿಯ ಡಬ್ಬ ಅಡುಗೆಮನೆಯಿಂದ ತೇಲಿ ಹೊರಟು ಟೀವಿಯ ಮುಂದೆ ಬಂದು ನಿಂತಿತು. ನೀರು ಇಳಿದ ಮೇಲೆ ದೇವಾಜಮ್ಮಣ್ಣಿ ಒಂದು ಮಾತು ಹೇಳಿದರು: “ಇನ್ನೊಂದ್ಸಲ ನೀರು ನನ್ನ ಅಡುಗೆಮನೆಗೆ ಬಂದ್ರೆ ನಾನು ಹುಣಸೂರಿಗೆ ತಂಗಿ ಮನೆಗೆ ಹೋಗ್ತೀನಿ. ಹೋದೋಳು ವಾಪಸ್ ಬರಲ್ಲ.” ಹೆಂಡತಿಯ ಗದರಿಕೆಗೆ ಅರಸರು ಎಂದೂ ಹೆದರಿದವರಲ್ಲ. ಆದರೆ ಇದನ್ನು ಆಕೆ ಗದರಿ ಹೇಳಲಿಲ್ಲ; ಉಪ್ಪಿನ ಜಾಡಿಯ ಕೆಸರು ಒರೆಸುತ್ತ, ಮೆಲ್ಲಗೆ ಹೇಳಿದರು.

ಅರಸರು ಮೊದಲು ಹೋದದ್ದು ಪ್ರವಾಹ ವಿಮೆಯ ಕಟ್ಟಿಯವರ ಹತ್ತಿರ. ಧಾರವಾಡದ ಕಡೆಯ ಕಟ್ಟಿಯವರು ಮೃದು ಮನುಷ್ಯ, ನಿಯಮದ ವಿಚಾರ ಬಂದಾಗ ಮಾತ್ರ ಕಲ್ಲು.

“ನಮ್ಮ ಕಂಪನಿ ನಿಯಮ ಭಾಳ ಸರಳ ಅದ ಅರಸರ. ಸಾಲಿನಾಗ ಎಲ್ಲಾಕಿಂತ ತಗ್ಗಿನ ಮನಿ ಒಂದು ಬಿಟ್ಟು ಉಳದವ್ರಿಗೆಲ್ಲಾ ವಿಮಾ ಕೊಡತೀವಿ.”

“ನೀರು ನುಗ್ಗೋದು ಆ ಒಂದು ಮನೆಗೇ ಅಲ್ವೇನ್ರೀ?”

“ಅದಕ್ಕ ರೀ ಕೊಡೂದಿಲ್ಲ!”

ಅಂದು ಮನೆಗೆ ಬಂದ ಅರಸರು ಅಟ್ಟದ ಮೇಲಿನ ತಮ್ಮ ಕಾರ್ಯಾಗಾರ ಸೇರಿದರು. ಇಳಿದು ಬಂದಾಗ ಕೈಯಲ್ಲೊಂದು ಗಾಜಿನ ಲೋಟವಿತ್ತು. “ಮೇಷ್ಟ್ರೇ, ಒಂದು ಚಮಚ ಕಾಮಕಸ್ತೂರಿ ಬೀಜ ನೀರಿಗೆ ಹಾಕಿದ್ರೆ ಉಬ್ಬಿ ಲೋಟ ತುಂಬುತ್ತೆ. ಬೀಜದ ಕೈಲಾಗೋದು ಮನೆ ಕೈಲಿ ಯಾಕಾಗಬಾರದು?”

ಅವರು ಆ ಬೀಜದ ಗುಣವಿರುವ ಒಂದು ಅಂಟು ತಯಾರಿಸಿ ಅಡಿಪಾಯದ ಮೂಲೆಗಳಿಗೆ ತುಂಬಿಸಿದರು. ಅದು ನೆಲದ ತೇವ ಕುಡಿದು ಉಬ್ಬುತ್ತದೆ, ಕಲ್ಲಿನಂತೆ ಗಟ್ಟಿಯಾಗಿ ಕಾಲು ಚಾಚುತ್ತದೆ. ತಾರಸಿಯ ಮೇಲೆ ‘ಮಟ್ಟದ ಮಿದುಳು’ ಎಂಬ ಪೆಟ್ಟಿಗೆ. ಅದು ಪಕ್ಕದ ತಾರಸಿಯನ್ನು ನೋಡುತ್ತಾ, ಹೇಳಿದಷ್ಟು ಎತ್ತರದಲ್ಲಿ ಮನೆಯನ್ನು ಹಿಡಿದಿಡುತ್ತದೆ. ಕೆಂಪು ಗುಂಡಿ ಒತ್ತಿದರೆ ಕಾಲುಗಳು ಕುಡಿದ ನೀರನ್ನೆಲ್ಲ ಕಕ್ಕಿ ಕುಗ್ಗುತ್ತವೆ.

ಕಟ್ಟಿಯವರು ಬಂದು, ಮನೆ ಎದ್ದಿರುವುದನ್ನು ಅಳೆದು, ಒಪ್ಪಿ ವಿಮೆ ಕೊಟ್ಟರು. ಹಾಗೆಯೇ ಪಕ್ಕಕ್ಕೆ ತಿರುಗಿ ಪರಶಿವಮೂರ್ತಿಗಳ ವಿಮೆ ರದ್ದು ಮಾಡಿದರು. ಈಗ ತಗ್ಗಿನ ಮನೆ ಅವರದಲ್ಲವೇ!

ಪರಶಿವಮೂರ್ತಿ ಮುಂದಿನ ಬಾಗಿಲಿನಲ್ಲಿ ಬಂದು ಕೂಗಾಡಿದರು. “ಏನ್ ಅರಸರೇ, ನಿಮ್ಮ ಮನೆ ಎದ್ದಿದ್ದಕ್ಕೆ ನನ್ನ ವಿಮೆ ಮಲಗಿತಲ್ರೀ!”

“ಕೋಪ ಮಾಡ್ಕೋಬೇಡಿ. ಅಂಟು ಇನ್ನೂ ಇದೆ, ನಿಮಗೂ ಒಂದು ಕೂರಿಸಿ ಕೊಡ್ತೀನಿ.”

ಪರಶಿವಮೂರ್ತಿಗಳ ದನಿ ಇಳಿಯಿತು. “ಕೂರಿಸೋದಾದ್ರೆ… ನಿಮಗಿಂತ ಒಂದ್ ಗೇಣು ಮೇಲಿರ್ಲಿ. ತಪ್ಪು ತಿಳ್ಕೋಬೇಡಿ. ನಿಮ್ಮ ಮನೆಗೆ ನಮ್ಮದು ನೈಋತ್ಯ. ನೈಋತ್ಯ ಎತ್ತರಕ್ಕಿರಬೇಕು, ವಾಸ್ತು!”

ಆಮೇಲೆ ಅವರಾಚೆಯವರು ಬಂದರು, ಅವರಾಚೆಯವರೂ ಬಂದರು. ಎಲ್ಲರೂ ಹಿತ್ತಿಲ ಬಾಗಿಲಿನಿಂದಲೇ ಬಂದು, ಸುತ್ತ ನೋಡಿ, ಒಂದೇ ಮಾತನ್ನು ಪಿಸುಗುಟ್ಟಿ ಹೋದರು. ಬಡಾವಣೆಯಲ್ಲಿ ಯಂತ್ರವಿಲ್ಲದ ಮನೆ ಉಳಿಯಲಿಲ್ಲ.

“ಎಲ್ಲ ಪೆಟ್ಟಿಗೆಗೂ ‘ಪಕ್ಕದವರಿಗಿಂತ ಒಂದು ಗೇಣು ಮೇಲೆ’ ಅಂತಲೇ ಹೇಳಿಕೊಟ್ರಾ?” ಎಂದು ಕೇಳಿದೆ.

“ಮನೆ ಬಾಗಿಲಿಗೆ ಬಂದೋರಿಗೆ ಇಲ್ಲ ಅನ್ನೋಕಾಗುತ್ತಾ ಮೇಷ್ಟ್ರೇ? ದಾಕ್ಷಿಣ್ಯ!”

“ನಮ್ಮ ರಸ್ತೆ ದುಂಡಗಿದೆ. ಕೊನೇ ಮನೆಯವರ ಪಕ್ಕದ ಮನೆ ನಿಮ್ಮದೇ. ನಿಮ್ಮ ಪೆಟ್ಟಿಗೆಗೆ ಏನು ಹೇಳಿದ್ದೀರಿ?”

“ನಾನೂ ಅದನ್ನೇ…” ಎಂದ ಅರಸರ ಬೆರಳು ಗಾಳಿಯಲ್ಲಿ ಒಂದು ವೃತ್ತ ಬರೆಯಿತು. ಶುರುವಾದಲ್ಲಿಗೇ ಬಂದು ನಿಂತಿತು.

ಅಷ್ಟರಲ್ಲಿ ನೆಲದೊಳಗಿಂದ ಮತ್ತೆ ಆ ತೇಗು ಕೇಳಿಸಿತು.

ಪರಶಿವಮೂರ್ತಿಗಳ ಮನೆ ನಮಗಿಂತ ಒಂದು ಗೇಣು ಏರಿತು. ಅವರಾಚೆಯ ಮನೆ ಅವರಿಗಿಂತ ಏರಿತು. ಹೀಗೆ ಸುತ್ತು ಬಂದು ಕೊನೆಯ ಮನೆಯನ್ನು ನೋಡಿದ ನಮ್ಮ ಮಿದುಳು, ಅವಮಾನ ತಾಳಲಾರದೆ ಅದಕ್ಕಿಂತ ಏರಿತು. ನಮ್ಮನ್ನು ನೋಡಿ ಪರಶಿವಮೂರ್ತಿಗಳ ಮನೆ ಮತ್ತೆ ಹೊರಟಿತು!

ವಾರ ಕಳೆಯುವಷ್ಟರಲ್ಲಿ ಹಾಲಿನ ಪ್ಯಾಕೆಟ್ಟು ಬುಟ್ಟಿಯಲ್ಲಿ ಹಗ್ಗ ಹಿಡಿದು ಬರತೊಡಗಿತು. ಸೊಪ್ಪಿನವಳು ಕೆಳಗಿನಿಂದ ಕೂಗಿದ ದರಕ್ಕೆ ಮೇಲಿನವರು ಚೌಕಾಸಿ ಮಾಡುವ ಹೊತ್ತಿಗೆ ಆಕೆ ಮುಂದಿನ ಬೀದಿಯಲ್ಲಿರುತ್ತಿದ್ದಳು. ಕಾಲುಗಳು ನೆಲದ ತೇವವನ್ನೆಲ್ಲ ಹೀರಿ ಬೋರ್‌ವೆಲ್ಲುಗಳು ಬರೀ ಗಾಳಿ ಉಗುಳಿದವು. ನಾನು ಬಾಡಿಗೆಗೆ ಹಿಡಿದದ್ದು ಮೊದಲ ಮಹಡಿ. ಕರಾರನ್ನು ಒಂದಿಷ್ಟೂ ಮುರಿಯದೆ ಆರನೆಯ ಮಹಡಿಯ ಎತ್ತರದಲ್ಲಿ ವಾಸವಾಗಿದ್ದೆ. ಗರುಡಗಳ ಬೆನ್ನು ಯಾವ ಬಣ್ಣದ್ದೆಂದು ಈ ವಯಸ್ಸಿನಲ್ಲಿ ತಿಳಿಯಿತು.

ಆಮೇಲೆ ಮಳೆ ಬಂತು. ಆಕಾಶಕ್ಕೆ ತೂತು ಬಿದ್ದಂಥ ಮಳೆ! ಎಲ್ಲರೂ ಬಾಲ್ಕನಿಗಳಲ್ಲಿ ನಿಂತು ಕೆಳಗೆ ನೋಡಿದರು. ಬಿದ್ದ ನೀರು ಬಿದ್ದಲ್ಲೇ ಮಾಯವಾಯಿತು. ಕಾಲುಗಳು ಅಷ್ಟನ್ನೂ ಕುಡಿದಿದ್ದವು.

“ಅರಸರಿಗೆ ಜೈ!” ಎಂದು ಪರಶಿವಮೂರ್ತಿ ತಟ್ಟೆ ಬಾರಿಸಿದರು. ಸಾಲಿನವರೆಲ್ಲ ಬಾರಿಸಿದರು. ದೇವಾಜಮ್ಮಣ್ಣಿ ತಮ್ಮ ಒಣಗಿದ ಅಡುಗೆಮನೆಯ ನೆಲವನ್ನು ಅಂಗೈಯಿಂದ ಸವರಿ ನೋಡಿದ್ದನ್ನು ನಾನು ಕಂಡೆ. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

ಕುಡಿದ ಕಾಲುಗಳು ಮಾತ್ರ ಸುಮ್ಮನಿರಲಿಲ್ಲ. ಮನೆಗಳು ತೆಂಗಿನ ಮರಗಳನ್ನು ದಾಟಿ ಮೇಲೆದ್ದವು. ಗಾಳಿ ಬೀಸಿದರೆ ತೂಗಾಡಿದವು. ಒಗ್ಗರಣೆ ಸೌಟಿನಿಂದ ಹೊರಟ ಸಾಸಿವೆ ಪಾತ್ರೆಗೆ ಬೀಳದೆ ಕಿಟಕಿಯಿಂದಾಚೆ ಹೋಗುತ್ತಿತ್ತು. ಮರುದಿನ ಬೆಳಗ್ಗೆ ಅರಸರು ತಾರಸಿಯಿಂದ ಅಕ್ಕಪಕ್ಕದ ಮನೆಗಳ ಕಾಲುಗಳನ್ನು ನೋಡಿ, ಇಳಿದು ಬಂದು ಎಲ್ಲರನ್ನೂ ಕೂಗಿ ಕರೆದರು.

ಬಾಲ್ಕನಿಯಿಂದ ಬಾಲ್ಕನಿಗೆ ಕೂಗಾಡುವ ಸಭೆ ಸೇರಿತು.

“ಕಾಲುಗಳಲ್ಲಿ ಬಿರುಕು ಬಿಟ್ಟಿದೆ!” ಎಂದು ಅರಸರು ಕೂಗಿದರು. “ಇನ್ನೊಂದು ಮಳೆ ಬಿದ್ರೆ ತಡೆಯಲ್ಲ. ಯಾರಾದ್ರೂ ಒಬ್ರು ಕೆಂಪು ಗುಂಡಿ ಒತ್ತಿ ಇಳಿದುಬಿಟ್ರೆ ಸಾಕು. ಅವರಿಗಿಂತ ಒಂದು ಗೇಣು ಮೇಲಿರೋಕೆ ಪಕ್ಕದ ಮನೇನೂ ಇಳಿಯುತ್ತೆ. ಹಂಗೇ ಸಾಲೆಲ್ಲ ಇಳಿಯುತ್ತೆ!”

“ಮೊದಲು ಇಳಿದವರ ಗತಿ?” ಎಂದರು ಪರಶಿವಮೂರ್ತಿ.

“ಅವರು ಎಲ್ಲಕ್ಕಿಂತ ತಗ್ಗಲ್ಲಿರ್ತಾರೆ. ಕಾಲುಗಳು ಕಕ್ಕಿದ ನೀರೆಲ್ಲ… ಅವರ ಮನೆಗೇ ಬರುತ್ತೆ.”

ಕೆಳಗಿನಿಂದ ಕಟ್ಟಿಯವರು ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದರು: “ಯಾರ್ ತಗ್ಗ ಆಗತೀರಿ ಅವರ ಮುಂದಿನ ವಿಮಾ ಹೋತು! ಆಮ್ಯಾಲ ಹೇಳಲಿಲ್ಲ ಅನಬ್ಯಾಡ್ರಿ!”

ಬಾಲ್ಕನಿಗಳಲ್ಲಿದ್ದವರೆಲ್ಲ ಒಮ್ಮೆಗೇ ಒಣಹಾಕಿದ ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡತೊಡಗಿದರು.

“ನೀವು ಇಳೀರಿ, ನಿಮ್ಮ ಹಿಂದೇನೇ ನಾವು,” ಎಂದು ಒಬ್ಬರು. “ಅಯ್ಯೋ, ಹಿರಿಯರು ನೀವಿರುವಾಗ ನಾವು ಮೊದಲಾ?” ಎಂದು ಇನ್ನೊಬ್ಬರು. ಇಷ್ಟು ಮರ್ಯಾದೆಯನ್ನು ನಮ್ಮ ಬಡಾವಣೆಯವರು ಪರಸ್ಪರ ಎಂದೂ ತೋರಿಸಿದ್ದಿಲ್ಲ. ಚಾಮುಂಡಿ ಬೆಟ್ಟದಾಚೆ ಮೋಡ ಕಟ್ಟುತ್ತಿತ್ತು.

ದೇವಾಜಮ್ಮಣ್ಣಿ ಹುರುಳಿಕಾಯಿ ಹೆಚ್ಚುವುದನ್ನು ಬಿಟ್ಟು ಬಾಲ್ಕನಿಗೆ ಬಂದರು.

“ಪರಶಿವಮೂರ್ತಿಗಳೇ, ನಿಮ್ಮ ಮನೇಲಿ ಅಟ್ಟ ಇದೆಯಾ?”

“ಈಗಿನ ಮನೆಗಳಲ್ಲಿ ಅಟ್ಟ ಎಲ್ಲಿ ಅಮ್ಮಣ್ಣಿಯೋರೇ? ಫಾಲ್ಸ್ ಸೀಲಿಂಗ್ ಇದೆ.”

“ಅದರ ಮೇಲೆ ಅಕ್ಕಿ ಮೂಟೆ ನಿಲ್ಲುತ್ತಾ?”

“ಬಲ್ಬೇ ಕಷ್ಟಪಟ್ಟು ನಿಂತಿದೆ.”

“ಗ್ಯಾಸ್ ಸಿಲಿಂಡರ್ ತೇಲುತ್ತೆ, ಮೊದಲೇ ಕಟ್ಟಿಹಾಕ್ಬೇಕು ಅನ್ನೋದು ಗೊತ್ತಾ?”

“ತೇಲುತ್ತಾ?!”

“ನೀರು ಮೊದಲು ಎಲ್ಲಿಂದ ಒಳಗೆ ಬರುತ್ತೆ ಹೇಳಿ.”

“ಬಾಗಿಲಿಂದ…”

“ಬಚ್ಚಲಿನ ತೂಬಿಂದ,” ಎಂದು ಅವರು ಒಳಗೆ ತಿರುಗಿದರು. “ರೀ, ತಗ್ಗಲ್ಲಿರೋದು ಇವರ್ಯಾರಿಗೂ ಬರಲ್ಲ. ನೀವು ಕೆಂಪು ಗುಂಡಿ ಒತ್ತಿ.”

ಅರಸರು ಕದಲಲಿಲ್ಲ. “ಅಮ್ಮಣ್ಣಿ, ನೀರು ನಿನ್ನ ಅಡುಗೆಮನೆಗೇ ಬರುತ್ತೆ. ಹುಣಸೂರು…”

“ಹುಣಸೂರು ಎಲ್ಲೂ ಓಡಿಹೋಗಲ್ಲ. ಮೊದಲು ಅಕ್ಕಿ ಅಟ್ಟಕ್ಕೇರಿಸೋಣ, ಹಿಡ್ಕೊಳ್ಳಿ.”

ಅಕ್ಕಿ ಏರಿತು, ಬೇಳೆ ಏರಿತು, ಉಪ್ಪಿನ ಜಾಡಿ ಏರಿತು. ಸಿಲಿಂಡರನ್ನು ಕಿಟಕಿಯ ಸರಳಿಗೆ ಕಟ್ಟಿದೆವು. ದೇವಾಜಮ್ಮಣ್ಣಿ ತಮ್ಮದೊಂದು ಬಟ್ಟೆ ಚೀಲವನ್ನೂ ತುಂಬಿ ಅಟ್ಟದ ಅಂಚಿನಲ್ಲಿ, ಕೈಗೆ ಸಿಗುವಂತೆ ಇಟ್ಟರು. ಅರಸರು ಅದನ್ನು ನೋಡಿದರು, ನಾನೂ ನೋಡಿದೆ. ಅವರು ಕಣ್ಣು ಮುಚ್ಚಿ ಗುಂಡಿ ಒತ್ತಿದರು.

ಅಷ್ಟರಲ್ಲಿ ಮೋಡ ಚದುರಿ ರಣಬಿಸಿಲು ಬಂದಿತ್ತು. ಆ ಬಿಸಿಲಿನಲ್ಲಿ ನಮ್ಮ ಮನೆ ಇಳಿಯಿತು. ಹಿಂದೆಯೇ ಪರಶಿವಮೂರ್ತಿಗಳದು, ಅವರ ಹಿಂದೆ ಉಳಿದವರದು. ಹಿಂಡಿದ ಬಟ್ಟೆಯಂತೆ ಕಾಲುಗಳು ನೀರು ಸುರಿಸಿದವು. ತುಂಡು ಮೋಡವೂ ಇಲ್ಲದ ಆಕಾಶದ ಕೆಳಗೆ ಬಡಾವಣೆ ತುಂಬಿತು! ಮನೆಗಳು ಒಂದಕ್ಕಿಂತ ಒಂದು ಗೇಣು ಮೇಲೆ, ಸುತ್ತಿ ಏರುವ ಮೆಟ್ಟಿಲುಗಳಂತೆ ನಿಂತವು. ನಡುವೆ, ನೀಲಿ ಆಕಾಶವನ್ನು ಪೂರಾ ಹೊತ್ತುಕೊಂಡು, ನೀರು. ತಮ್ಮ ವಿಳಾಸದಲ್ಲಿದ್ದ ಸರೋವರವನ್ನು ಜನ ಮೊದಲ ಸಲ ಬಿಸಿಲಿನಲ್ಲಿ ನೋಡಿದರು.

ನಮ್ಮ ಮನೆಗೆ ನೀರು ಬಚ್ಚಲಿನ ತೂಬಿನಿಂದಲೇ ಬಂತು.

ಅಂದು ನಮ್ಮ ಕಡೆ ಯಾರೂ ಬರಲಿಲ್ಲ, ಕಿಟಕಿಗಳೆಲ್ಲ ಮುಚ್ಚಿದ್ದವು. ಮರುದಿನ ಪರಶಿವಮೂರ್ತಿ ಪಂಚೆ ಮೇಲೆ ಕಟ್ಟಿ, ಬುತ್ತಿ ಕ್ಯಾರಿಯರ್ ತಲೆಯ ಮೇಲಿಟ್ಟುಕೊಂಡು ನೀರಿಗಿಳಿದು ಬಂದರು. “ಬಿಸಿಬೇಳೆಭಾತು. ಉಪ್ಪು ಸ್ವಲ್ಪ ಜಾಸ್ತಿ ಅಂತಾಳೆ ನಮ್ಮವಳು,” ಎಂದು ಕ್ಯಾರಿಯರನ್ನೇ ನೋಡುತ್ತ ಹೇಳಿದರು. ಅವರ ಹಿಂದೆ ಬೇರೆ ಕ್ಯಾರಿಯರುಗಳೂ ಬಂದವು. ಈ ಸಲ ಎಲ್ಲರೂ ಮುಂದಿನ ಬಾಗಿಲಿನಿಂದ ಬಂದರು.

ಕಟ್ಟಿಯವರೂ ಬಂದರು, ಪ್ಯಾಂಟು ಮಡಚಿ, ಬಿಸಿಲಿಗೆ ಕೊಡೆ ಹಿಡಿದು.

“ಗುಂಡಿ ಒತ್ತೋವರೆಗೂ ನಾವು ತಗ್ಗಿನವರಲ್ಲ. ಈ ಪ್ರವಾಹಕ್ಕೆ ವಿಮೆ ಇದೆ!” ಎಂದು ಅರಸರು ವಾದ ಹೂಡಿದರು.

“ವಿಮಾ ಅದ, ಖರೆ. ಪ್ರವಾಹ ಎಲ್ಲಿ ಅದರೀ?” ಎಂದರು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಕಟ್ಟಿಯವರು. “ಪ್ರವಾಹ ಅಂದ್ರ ಕರೀದನ ಬರೂ ನೀರು. ಇದನ್ನ ನೀವ ಗುಂಡಿ ಒತ್ತಿ ಕರದೀರಿ. ಕರದು ಬಂದವರನ್ನ ಅತಿಥಿ ಅಂತಾರ್ರೀ. ಅತಿಥಿಗೆ ನಮ್ಮಲ್ಲಿ ವಿಮಾ ಇಲ್ಲ.”

ಅರಸರು ಹೆಂಡತಿಯತ್ತ ನೋಡಲೂ ಇಲ್ಲ, ಅಟ್ಟದ ಅಂಚಿನ ಚೀಲದತ್ತ ನೋಡಿದರು. ಒಲೆಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತಿದ್ದ ದೇವಾಜಮ್ಮಣ್ಣಿ ಮಾತ್ರ ನಗತೊಡಗಿದರು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, “ಕಟ್ಟಿಯೋರೇ, ಅಲ್ಯಾಕೆ ನಿಂತ್ಕೊಂಡಿದ್ದೀರಿ? ಮೇಲೆ ಬಂದು ಕೂತ್ಕೊಳ್ಳಿ. ಬೀದಿಯವರೆಲ್ಲ ಅಡುಗೆ ಕಳಿಸಿದ್ದಾರೆ, ಊಟ ಮಾಡ್ಕೊಂಡೇ ಹೋಗಿ,” ಎಂದರು.

ಅವರು ಹುಣಸೂರಿಗೆ ಹೋಗಲಿಲ್ಲ. ಯಾಕೆಂದು ಕೇಳುವ ಧೈರ್ಯ ಅರಸರಿಗೆ ಬಂದದ್ದು ಎಷ್ಟೋ ದಿನಗಳಾದ ಮೇಲೆ.

“ಮನೇಲಿ ನೆಂಟರಿರುವಾಗ ಬಿಟ್ಟು ಹೋಗೋಕಾಗುತ್ತೇನ್ರೀ?” ಎಂದರಂತೆ.

ನೆಂಟರು ದೀಪಾವಳಿ ಮುಗಿಸಿಕೊಂಡು, ಬಂದ ಬಚ್ಚಲಿನ ತೂಬಿನಿಂದಲೇ ಹೊರಟರು.